ಜೋಡಿ ಔಷಧಿ

ಡಬ್ಬಿಯಲ್ಲಿ ಗುಳಿಗೆಯ ಪಟ್ಟಿ ಇತ್ತು, ಎಣ್ಣೆಯ ಸೀಸೆ ಇರಲಿಲ್ಲ. ಬಸವೇಶ್ವರಿ ದಿಂಬಿನಡಿ, ಟ್ರಂಕಿನ ಹಿಂದೆ ಎಲ್ಲಾ ತಡಕಿ, ಪಡಸಾಲೆಯ ಬಾಗಿಲಿಗೆ ಬಂದು ಗಂಡನನ್ನು ಒಳಗೆ ಕರೆದಳು.

"ನನ್ನ ಎಣ್ಣಿ ಸೀಸೆ ಎಲ್ಲೈತ್ರೀ?"

"ಆ ಮುದುಕಿ ಗುರಮ್ಮಗ ಕೊಟ್ಟೀನಿ. ಪಾಪ, ಕಾಲ್ಬೆರಳ ಸಂದಿ ಕೊಳ್ತು ನಡ್ಯಾಕ ಬರವಲ್ದಾಗಿತ್ತು," ಎಂದ ಶಿವಕಾಂತ. "ನಿನಗ ಗುಳಿಗಿ ಅದಾವಲ್ಲ, ನುಂಗು."

ಮಕ್ತಲದ ಈ ಓಣಿಗೆಲ್ಲ ಶಿವಕಾಂತನೇ ಡಾಕ್ಟರು. ಓದಿದ್ದು ಇಂಟರ್, ಅಂದರೆ ಹನ್ನೆರಡನೇ ತರಗತಿ; ಕಲಿತದ್ದು ಗದ್ವಾಲದ ಒಂದು ಔಷಧಿ ಅಂಗಡಿಯಲ್ಲಿ, ಬೋರ್ಡಿನ ಮೇಲೆ ಆರ್‌ಎಂಪಿ, ನೋಂದಾಯಿತ ವೈದ್ಯ ಎಂಬ ಬಿರುದು. ತೆಲಂಗಾಣ ಬಂತು, ನಾರಾಯಣಪೇಟೆ ಜಿಲ್ಲೆಯಾಯಿತು, ಆ ಬೋರ್ಡು ಮಾತ್ರ ಅಲುಗಲಿಲ್ಲ. ಕೆಟ್ಟವನೇನಲ್ಲ, ಅದೇ ದೊಡ್ಡ ಪೀಡೆ. ಯಾರಿಗೂ ಇಲ್ಲ ಅನ್ನುವವನಲ್ಲ. ಹೆಂಗಸರು ನಾಚುತ್ತ ತುರಿಕೆ ಅಂದರೆ ಸಾಕು, ಮುಂದಿನ ಮಾತು ಕೇಳದೆ ಪಟ್ಟಿಯಿಂದ ಒಂದೇ ಒಂದು ಗುಳಿಗೆ ಕತ್ತರಿಸಿ ಕೊಡುವನು. ಹೆಂಡತಿಗೂ ಎರಡು ವರ್ಷ ಹಾಗೇ ಕೊಟ್ಟ. ಎಂಟು ದಿನ ತಣ್ಣಗಾಗುವುದು, ಮತ್ತೆ ಸುರು. ಕೂತರೆ ಉರಿ, ನಡೆದರೆ ಉರಿ.

ಕೊನೆಗೆ ಅಕ್ಕನ ಜೊತೆ ಹೈದರಾಬಾದಿನ ದೊಡ್ಡಾಸ್ಪತ್ರೆಗೆ ಹೋದಳು. ಅಲ್ಲಿನ ಡಾಕ್ಟರಮ್ಮ ರಿಪೋರ್ಟು ನೋಡಿ ಹಣೆ ಚಚ್ಚಿಕೊಂಡಳು. ಅರ್ಧಂಬರ್ಧ ಗುಳಿಗೆ ತಿಂದು ಒಳಗಿನ ಯೀಸ್ಟ್ ಎಂಬ ಬೂಷ್ಟು ಗಟ್ಟಿಯಾಗಿಬಿಟ್ಟಿದೆ, ಇನ್ನು ಬರೀ ಗುಳಿಗೆಗೆ ಬಗ್ಗುವುದಿಲ್ಲ ಎಂದಳು. ಓಮ, ಲವಂಗದಿಂದ ತೆಗೆದ ಎಣ್ಣೆಯನ್ನು ಅಳತೆಯಲ್ಲಿ ಬೆರೆಸಿ, ಗುಳಿಗೆಯ ಜೊತೆಗೇ ಹಚ್ಚಲು ಕೊಟ್ಟು ನೋಡುವ ಪ್ರಯೋಗ ಅಲ್ಲಿ ನಡೆದಿತ್ತು. ಸಹಿ ಹಾಕಿಸಿಕೊಂಡು ಹದಿನಾಲ್ಕು ದಿನದ ಡಬ್ಬಿ ಕೊಟ್ಟಳು. ಎರಡೂ ಕೂಡಿಯೇ ಆಗಬೇಕು, ನಡುವೆ ಬಿಟ್ಟರೆ ಇನ್ನೊಂದು ಡಬ್ಬಿ ಸಿಗುವುದಿಲ್ಲ. ಇಷ್ಟು ದಿನ ಗುಳಿಗೆ ಕೊಟ್ಟವರು ಯಾರೆಂದು ಕೇಳಿದಾಗ, "ನಮ್ಮೂರಾಗ ಯಾರೋ ಒಬ್ಬರು," ಎಂದು ಬಸವೇಶ್ವರಿ ಗಂಡನ ಮಾನ ಕಾಯ್ದಿದ್ದಳು.

ಐದು ದಿನಕ್ಕೆ ಉರಿ ಇಳಿದಿತ್ತು. ನಿನ್ನೆ ರಾತ್ರಿ, ಎಷ್ಟೋ ತಿಂಗಳ ಮೇಲೆ, ಚಕ್ಕಳಮಕ್ಕಳ ಹಾಕಿ ಕೂತು ಉಂಡಿದ್ದಳು.

"ಎರಡೂ ಕೂಡೇ ಆಗಬೇಕಂತ ಹೇಳಿದ್ನಿಲ್ರೀ ನಿಮಗ?"

"ಗಿಡದ ಎಣ್ಣಿಗೆ ಇಷ್ಟ್ಯಾಕ ಬಡ್ಕೋತಿ? ನನಗ ವೈದ್ಯ ಕಲಸ್ತೀಯೇನು?"

ಗುರಮ್ಮನ ಮನೆಗೆ ಓಡಿದಳು. ಮುದುಕಿ ಖಾಲಿ ಸೀಸೆಯನ್ನು ತೊಳೆದು ಕಟ್ಟೆಯ ಮೇಲೆ ಬೋರಲು ಹಾಕಿದ್ದಳು.

"ಒಮ್ಮೆಲೇ ಸುರುವಿಕೊಂಡ್ನೆವ್ವಾ. ಚುರ್ ಅಂತು, ಆಮ್ಯಾಲೆ ಹಾಯಿ ಅನಿಸ್ತು. ನಿನ್ನ ಗಂಡ ದೇವರಂಥ ಮನಿಷ್ಯಾ!"

ಆ ಮುದುಕಿಗೆ ಏನಂತ ಬೈಯುವುದು? ಸಿಟ್ಟನ್ನೆಲ್ಲ ಹೊತ್ತುಕೊಂಡೇ ಬಸವೇಶ್ವರಿ ಮನೆಗೆ ಬಂದಳು. ಒಳಗೆ ಹೋಗಲಿಲ್ಲ. ಪಡಸಾಲೆಯ ಬೆಂಚಿನ ಮೇಲೆ, ತೋರಿಸಿಕೊಳ್ಳಲು ಬಂದ ಹೆಂಗಸರ ಸಾಲಿನಲ್ಲಿ, ಅದೇ ಓಣಿಯ ಪೆಂಟಮ್ಮನ ಪಕ್ಕ ಕೂತಳು. ಸರದಿ ಬಂದಾಗ ಎದ್ದು ನಿಂತಳು.

"ಇಲ್ಯಾಕ ಕುಂತಿದ್ದಿ?" ಎಂದ ಶಿವಕಾಂತ.

"ತುರಿಕಿ ರೀ, ಡಾಕ್ಟ್ರೇ." ಓಣಿಗೇ ಕೇಳುವಷ್ಟು ದೊಡ್ಡ ದನಿ. "ಎರಡು ವರ್ಷಾತು, ನಿಮ್ಮ ಗುಳಿಗಿಗೆ ಹೋಗವಲ್ದು. ಒಂದೊಂದ ಗುಳಿಗಿ ತಿಂದ ಹಿಂಗಾಗೇದಂತ. ಹೋಗೋ ಔಷಧಿ ಸಿಕ್ಕಿತ್ತು, ಅದನ್ನ ನೀವು ದಾನ ಮಾಡಿದ್ರಿ."

"ಏ, ಒಳಗ ನಡಿ!"

ಅವಳು ನಡೆಯಲಿಲ್ಲ. ಮೂಲೆಯಲ್ಲಿದ್ದ ಗಂಡಸೊಬ್ಬ ಕೆಮ್ಮಿ, ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದ.

ಪೆಂಟಮ್ಮ ಬಾಯಿಗೆ ಸೆರಗು ಅಡ್ಡ ಹಿಡಿದು, ನೆಲ ನೋಡುತ್ತ ಎದ್ದಳು.

"ನನಗೂ ಹೋಗಿಲ್ರೀ," ಎಂದಳು.

ಅವಳ ಹಿಂದೆ ಇನ್ನೊಬ್ಬಳು ಎದ್ದು ಬೆಂಚು ಸರಿದ ಸದ್ದಾಯಿತು.