ತಿದ್ದಿದ ಚರ್ಮದ ಸೋಫಾ

ಹಲ್ಲಿನ ಡಾಕ್ಟರಮ್ಮನಿಗೆ ನಕಲಿ ಎಂದರೆ ಮೈಯೆಲ್ಲ ಉರಿ. ಬೆಳಗಿನಿಂದ ಸಂಜೆಯವರೆಗೆ ಜನರ ಹಲ್ಲು ಅರೆದು, ಮೇಲೆ ಪಿಂಗಾಣಿಯ ಟೋಪಿ ತೊಡಿಸಿ, ‘ನೋಡಿ, ಅಸಲಿ ಹಲ್ಲಿನ ಹಾಗೇ ಇದೆ’ ಎನ್ನುವುದೇ ತನ್ನ ಕಸುಬು ಎಂಬ ಸಂಗತಿ ಮಾತ್ರ ಆಕೆಯ ತಲೆಗೆ ಹೊಳೆದಿರಲಿಲ್ಲ.

ಹೊಸ ಕ್ಲಿನಿಕ್ಕಿಗೆ ಸೋಫಾ ಬೇಕಾದಾಗ ಆಕೆ ಸೋದರಮಾವನ ಅಂಗಡಿಗೆ ಹೋದಳು. ಮಾವ ಸೋಫಾ ಮಾಡಿ, ಮಾರಿ ತಲೆ ನರೆಸಿಕೊಂಡವನು. ಊರವರನ್ನೆಲ್ಲ ಕೂರಿಸಿ ತಾನು ಮಾತ್ರ ನಿಂತೇ ಸವೆದ ಎಂದು ಅವನ ಅಕ್ಕ, ಅಂದರೆ ಡಾಕ್ಟರಮ್ಮನ ತಾಯಿ, ಹಂಗಿಸುತ್ತಿದ್ದಳು.

ಮಾವ ಒಂದು ಕಂದು ಸೋಫಾದ ಬೆನ್ನು ತಟ್ಟಿದ. “ಇದನ್ನ ತಗೊಂಡು ಹೋಗು. ಕರೆಕ್ಟೆಡ್ ಗ್ರೇನ್. ನಾಲ್ಕು ಜನ ಬಂದು ಹೋಗೋ ಜಾಗಕ್ಕೆ ಇದೇ ಸರಿ.”

“ಹಾಗಂದ್ರೆ?”

“ತಿದ್ದಿದ ಚರ್ಮ. ದನ ಅಂದ್ಮೇಲೆ ಬೇಲಿಗೆ ಮೈ ತೀಡುತ್ತೆ, ನೊಣ ಕಚ್ಚುತ್ತೆ, ಇನ್ನೊಂದು ದನದ ಕೈಲಿ ಗುದ್ದಿಸ್ಕೊಳ್ಳುತ್ತೆ. ಆ ಕಲೆ ಎಲ್ಲ ಚರ್ಮದ ಮೇಲೆ ಉಳ್ಕೊಂಡಿರುತ್ತೆ. ಅಂಥದ್ದನ್ನ ಸ್ಯಾಂಡ್‌ಪೇಪರ್ ಹಾಕಿ ಉಜ್ತಾರೆ, ದಪ್ಪಗೆ ಬಣ್ಣ ಹೊಡೀತಾರೆ, ಆಮೇಲೆ ಬಿಸಿ ಅಚ್ಚು ಒತ್ತಿ ಹೊಸ ಗೆರೆ ಮೂಡಿಸ್ತಾರೆ.”

ಡಾಕ್ಟರಮ್ಮ ಬಗ್ಗಿ ನೋಡಿದಳು. ಒಂದೇ ನೆರಿಗೆ ಗೇಣಿಗೊಂದು ಸಲ ಮತ್ತೆ ಮತ್ತೆ ಬಂದಿತ್ತು. ಯಾವ ದನದ ಮೈಯೂ ಅಷ್ಟು ಶಿಸ್ತಾಗಿ ಸುಕ್ಕುಗಟ್ಟುವುದಿಲ್ಲ.

“ಮೇಲೆಲ್ಲ ತಳುಕು, ಒಳಗೆಲ್ಲ ಹುಳುಕು. ನನಗೆ ಬೇಡ” ಎಂದಳು.

“ಒಳಗೂ ಚರ್ಮಾನೇ ಕಣಮ್ಮ. ಹುಳುಕಿರೋದು ನನ್ನ ದವಡೇಲಿ” ಎಂದು ಮಾವ ಎಡಗೆನ್ನೆ ಒತ್ತಿಕೊಂಡ.

“ಬಾ, ನೋಡ್ತೀನಿ.”

“ನೀನು ನೋಡಿ ಸುಮ್ನೆ ಬಿಡೋಳಲ್ಲ” ಎಂದು ಮಾವ ಮಾತು ಮರೆಸಿ ಇನ್ನೊಂದು ಸೋಫಾದ ಕಡೆಗೆ ನಡೆದ.

ಅದು ಫುಲ್ ಗ್ರೇನ್. ಉಜ್ಜಿಲ್ಲ, ತಿದ್ದಿಲ್ಲ. ಕೈಯಿಟ್ಟರೆ ಬೆಣ್ಣೆ. ಕೈಯಾನುವ ಜಾಗದಲ್ಲಿ ಎಂದೋ ಮಾಗಿದ ಗಾಯದ ಉದ್ದನೆಯ ಗೆರೆಯೊಂದಿತ್ತು. ಡಾಕ್ಟರಮ್ಮ ಅಲ್ಲೇ ಮಾರುಹೋದಳು.

“ಇದು ಕುಡುಕ ಚರ್ಮ” ಎಂದು ಮಾವ ಎಚ್ಚರಿಸಿದ. “ಬೆವರು, ಎಣ್ಣೆ, ಕಾಫಿ, ಏನು ಕೊಟ್ರೂ ಬೇಡ ಅನ್ನಲ್ಲ. ಮನೆಗಾದ್ರೆ ಚೆನ್ನ. ನಿನ್ನ ಹತ್ರ ಬರೋರು ಹೆದರಿ ಬೆವರೋ ಜನ.”

“ನನ್ನ ಕಂಡ್ರೆ ಯಾರೂ ಹೆದರಲ್ಲ.”

ಮಾವ ಕೆನ್ನೆ ಹಿಡಿದುಕೊಂಡೇ ಬೇರೆಲ್ಲೋ ನೋಡಿದ.

ಸೋಫಾ ಕ್ಲಿನಿಕ್ಕಿಗೆ ಬಂತು. ಬಾಗಿಲ ಬಳಿಯ ಮೇಜಿನ ಹಿಂದೆ ಕೂತು ಸರದಿ ಕರೆಯುವ ಕೆಲಸ ಅಮ್ಮನದು. ಅಮ್ಮನ ದನಿ ಕೇಳಿದರೇ ಅರ್ಧ ಜನರ ಹಲ್ಲುನೋವು ವಾಸಿಯಾಗುತ್ತಿತ್ತು. ಮೊದಲ ವಾರವೇ ಒಬ್ಬ ಪೈಲ್ವಾನ್ ಹಲ್ಲು ಕೀಳಿಸಿಕೊಳ್ಳಲು ಬಂದ. ಕಣದಲ್ಲಿ ಎಂಥೆಂಥವರನ್ನೋ ಮಣ್ಣು ಮುಕ್ಕಿಸಿದವನು, ಒಳಗಿನಿಂದ ಯಂತ್ರದ ಗುಂಯ್‌ಗುಡುವ ಸದ್ದು ಕೇಳಿದ್ದೇ ನೀರಾಗಿಹೋದ. ಅವನು ಎದ್ದಾಗ ಅವನ ಬೆನ್ನಿನ ಪೂರ್ತಿ ನಕಾಶೆ ಸೋಫಾದ ಮೇಲೆ ಉಳಿದಿತ್ತು. ಆಮೇಲೆ ತುಟಿ ಮರಗಟ್ಟಿದ ಒಬ್ಬಾಕೆ ಕಾಫಿ ಕುಡಿಯಲು ಹೋದಳು. ಬಾಯಿಗೆ ಹೋದದ್ದು ಕಡಿಮೆ, ಸೋಫಾ ಕುಡಿದದ್ದೇ ಹೆಚ್ಚು.

ಡಾಕ್ಟರಮ್ಮ ಹಲ್ಲು ಕಚ್ಚಿ ಸಹಿಸಿದಳು. ಅಮ್ಮ ಸಹಿಸಲಿಲ್ಲ. ಒಂದು ಮಧ್ಯಾಹ್ನ ಸ್ಪಿರಿಟ್ ಬಾಟಲಿ ತಂದು, ಬಟ್ಟೆಗೆ ಸುರಿದು, ಜನ್ಮದ ಸಿಟ್ಟನ್ನೆಲ್ಲ ಸೇರಿಸಿ ಉಜ್ಜಿದಳು. ಕಲೆ ಹೋಯಿತು. ಜೊತೆಗೆ ಬಣ್ಣವೂ ಹೋಯಿತು. ಸೋಫಾದ ನಟ್ಟನಡುವೆ ತಟ್ಟೆಯಗಲದ ಬಿಳಿ ಮಚ್ಚೆ.

“ಏನಮ್ಮಾ ಇದು?”

“ಕ್ಲೀನ್ ಮಾಡ್ದೆ. ಆಸ್ಪತ್ರೆ ಅಂದ್ರೆ ಕ್ಲೀನಾಗಿರ್ಬೇಕು” ಎಂದಳು ಅಮ್ಮ, ತಪ್ಪೆಲ್ಲ ದನದ್ದೇ ಎಂಬಂತೆ.

ಡಾಕ್ಟರಮ್ಮ ದುಸುದುಸು ಎನ್ನುತ್ತ ಅಂಗಡಿಗೆ ಹೋದಳು. ಮಾವನ ಎಡಗೆನ್ನೆ ಬನ್ನಿನಂತೆ ಊದಿತ್ತು.

“ನೀನಾದ್ರೂ ಹೇಳ್ಬಾರದಿತ್ತಾ?”

“ಹೇಳಿದ್ದೆ” ಎಂದ ಮಾವ, ಬಾಯಿ ಅರ್ಧವೇ ತೆರೆದು.

“ಒತ್ತಿ ಹೇಳ್ಬೇಕಿತ್ತು.”

“ಅದಿರ್ಲಿ. ನನ್ನ ಹಲ್ಲಿಗೆ ಏನು ಮಾಡ್ತೀಯ, ಅದನ್ನ ಹೇಳು. ಇನ್ನು ತಡೆಯಕ್ಕಾಗಲ್ಲ.”

ರೋಗಿ ಸಿಕ್ಕಿದ್ದೇ ಆಕೆಯ ಸಿಟ್ಟು ಇಳಿಯಿತು. “ಏನಿಲ್ಲ ಮಾವ. ಹುಳುಕು ತೆಗೆದು ಬೇರು ಕ್ಲೀನ್ ಮಾಡ್ತೀನಿ. ಮೇಲ್ಭಾಗ ಎಲ್ಲ ಅರೆದು, ಅಚ್ಚು ತೆಗೆದು, ಬಣ್ಣ ಹೊಂದಿಸಿ ಮೇಲೊಂದು…”

ಅಲ್ಲಿಗೆ ಮಾತು ನಿಂತಿತು. ಮಾವನ ಕಣ್ಣು ನಗುತ್ತಿತ್ತು. ಬಾಯಿ ನಗುವ ಸ್ಥಿತಿಯಲ್ಲಿರಲಿಲ್ಲ.

“ನಾನೇನೂ ಅದನ್ನ ಅಸಲಿ ಹಲ್ಲು ಅಂತ ಹೇಳಿ ಹಾಕಲ್ಲ” ಎಂದಳು.

“ನಾನೂ ತಿದ್ದಿದ್ದು ಅಂತ ಹೇಳೇ ಮಾರ್ತೀನಲ್ವಾ. ಗಟ್ಟಿ, ಕಲೆ ಒರೆಸಿದ್ರೆ ಹೋಗುತ್ತೆ, ಬೆಣ್ಣೆ ಥರ ಇರಲ್ಲ, ಮುಪ್ಪಾದಾಗ ಬಣ್ಣ ಬಿರಿಯುತ್ತೆ. ಎಲ್ಲ ಹೇಳ್ತೀನಿ. ಜನ ಕೇಳಿಸ್ಕೊಳ್ಳಲ್ಲ, ಅದು ಬೇರೆ.”

ಆಕೆ ಕಂದು ಸೋಫಾದ ಮೇಲೆ ಮೆಲ್ಲಗೆ ಕೂತಳು. ಸೋತದ್ದಕ್ಕೆ ನಾಚಿಕೆಯೇನೋ ಇತ್ತು. ಆದರೆ ಬೆಳಗಿನಿಂದ ನಿಂತೇ ಇದ್ದ ಕಾಲಿಗೆ ಹಾಯೆನಿಸಿತು.

ಮಾರನೆಯ ದಿನ ಮಾವ ಡಾಕ್ಟರಮ್ಮನ ಕುರ್ಚಿಯಲ್ಲಿ ಒರಗಿದ್ದ. ಎರಡೂ ಕೈ ಕುರ್ಚಿಯ ತೋಳನ್ನು ಅಪ್ಪಿದ್ದವು, ತುಟಿ ಹೊಲಿದಂತಿತ್ತು. ಅಮ್ಮ ಬಾಗಿಲಲ್ಲಿ ನಿಂತು ನೋಡಿದಳು.

“ಲೋ, ಬಾಯಿ ತೆಗಿ. ಹುಟ್ಟಿದಾಗಿಂದ ಮುಚ್ಚು ಅಂದ್ರೆ ಮುಚ್ಚಲಿಲ್ಲ, ಈಗ ತೆಗಿ ಅಂದ್ರೆ ತೆಗೀತಿಲ್ಲ.”

ಅಕ್ಕನಿಗೆ ಮಾರುತ್ತರ ಕೊಡಲು ಮಾವ ಬಾಯಿ ತೆರೆದ. ಡಾಕ್ಟರಮ್ಮ ಸೂಜಿ ಚುಚ್ಚಿಬಿಟ್ಟಳು.

ಹಲ್ಲಿನ ಟೋಪಿಗೆ ಬಣ್ಣ ಆರಿಸುವ ದಿನ ಆಕೆ ಬಣ್ಣದ ಪಟ್ಟಿ ಹಿಡಿದು ಬೆಳ್ಳನೆಯದೊಂದನ್ನು ತೋರಿಸಿದಳು. ಮಾವ ತಲೆ ಅಲ್ಲಾಡಿಸಿದ. “ಪಕ್ಕದ ಹಲ್ಲಿನ ಬಣ್ಣದ್ದೇ ಹಾಕು. ಬೆಳ್ಳಗಿದ್ರೆ ಒಂದೇ ಹಲ್ಲು ಉಜ್ಜೋನು ಅಂದ್ಕೋತಾರೆ.”

ಮಚ್ಚೆ ಬಿದ್ದ ಸೋಫಾ ಮನೆಗೆ ಹೋಯಿತು. ಕ್ಲಿನಿಕ್ಕಿಗೆ ಕಂದು ಸೋಫಾ ಬಂತು. ಕಾಫಿ ಬಿದ್ದರೆ ಮುತ್ತಿನಂತೆ ಉರುಳಿ ನಿಲ್ಲುತ್ತಿತ್ತು. ಅಮ್ಮ ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದಳು. ಸ್ಪಿರಿಟ್ ಬಾಟಲಿಗೆ ಡಾಕ್ಟರಮ್ಮ ಬೀಗ ಹಾಕಿಟ್ಟಿದ್ದಳು.

ಒಂದು ವಿಷಯ ಮಾತ್ರ ಮಾವ ಹೇಳಿರಲಿಲ್ಲ. ಬಣ್ಣದ ಪದರ ದಪ್ಪವಿದ್ದುದರಿಂದ, ಯಾರಾದರೂ ಕೂತು ಸ್ವಲ್ಪ ಜರುಗಿದರೆ ಸೋಫಾ ಪುರ್ ಎನ್ನುತ್ತಿತ್ತು. ಒಮ್ಮೆ ಒಬ್ಬ ನಿವೃತ್ತ ನ್ಯಾಯಾಧೀಶರು ಗಂಭೀರವಾಗಿ ಬಂದು ಕೂತರು, ಕಾಲ ಮೇಲೆ ಕಾಲು ಹಾಕಿದರು. ದೊಡ್ಡ ಸದ್ದೇ ಬಂತು. ಹಲ್ಲುನೋವಿನ ಜನರೆಲ್ಲ ಒಟ್ಟಿಗೆ ಗೋಡೆ ನೋಡತೊಡಗಿದರು.

“ಅದು ಸೋಫಾ ಕಣ್ರಪ್ಪ, ಅವರಲ್ಲ” ಎಂದು ಅಮ್ಮ ಇಡೀ ಬೀದಿಗೆ ಕೇಳುವಂತೆ ಸಮಾಧಾನ ಹೇಳಿದಳು.

ಯಾರೂ ನಂಬಲಿಲ್ಲ. ಆದರೆ ಅಲ್ಲಿದ್ದವರೆಲ್ಲ ಊದಿದ ಕೆನ್ನೆ ಹಿಡಿದುಕೊಂಡು ನಕ್ಕರು, ಕೊನೆಗೆ ನ್ಯಾಯಾಧೀಶರೂ ನಕ್ಕರು. ಆ ದಿನ ಕುರ್ಚಿಗೆ ಬಂದ ಒಬ್ಬರೂ ಬೆವರಲಿಲ್ಲ.