ಪರಗ್ರಹದಲ್ಲೊಬ್ಬ ಗೌಂಡಿ

ನೋಡದ ಧಾರಾವಾಹಿಯ ಮೇಲೆ ಕಾದಂಬರಿ ಬರೆಯುವುದು ಅಂಥ ಕಷ್ಟವೇನಲ್ಲ ಎಂದು ಚನ್ನವೀರನಿಗೆ ಮೂರನೇ ಅಧ್ಯಾಯದ ಹೊತ್ತಿಗೆ ಮನವರಿಕೆಯಾಗಿತ್ತು. ಅವನು ಮರಾಠಿ ಸೀಮೆಯ ಪಿಂಪ್ರಿಯಲ್ಲಿ ಕಾರಖಾನೆಯೊಂದರ ಸ್ಟೋರಿನಲ್ಲಿ ಕ್ಲರ್ಕು. ಯಾವುದೋ ವಿಶೇಷಾಂಕಕ್ಕೆ ಎರಡು ಕಥೆ ಬರೆದ ತಪ್ಪಿಗೆ ಚಿಂಚವಾಡದಲ್ಲಿ ಪ್ರೆಸ್ ಇಟ್ಟುಕೊಂಡಿದ್ದ ಮಾರ್ತಾಂಡರಾಯರ ಕೈಗೆ ಸಿಕ್ಕಿಬಿದ್ದಿದ್ದ. ತೊಂಬತ್ತೊಂಬತ್ತರ ಆ ವರ್ಷ ಕೇಬಲ್ಲಿನಲ್ಲಿ ಒಂದು ಹಿಂದಿ ಧಾರಾವಾಹಿ ಬರುತ್ತಿತ್ತು. ಅದರಲ್ಲಿ ಕೆಲವರು ಕಾಲಯಂತ್ರದಲ್ಲಿ ಕೂತು ದೂರದ ಗ್ರಹವೊಂದಕ್ಕೆ ಹೋಗಿ ಬಂದು ಮಾಡುತ್ತಿದ್ದರು. ಅದನ್ನು ಕನ್ನಡ ಕಾದಂಬರಿಯಾಗಿಸುವ ಹಕ್ಕನ್ನು ರಾಯರು ಪಡೆದಿದ್ದರು. ಜೊತೆಗೆ ಕಂಪನಿಯ ಕರಾರೂ ಬಂದಿತ್ತು: ಯಾರೂ ಸಾಯಕೂಡದು, ಯಾರ ಮದುವೆಯೂ ಆಗಕೂಡದು, ಹೊಸಬರು ಯಾರಾದರೂ ಬಂದರೆ ಪುಸ್ತಕ ಮುಗಿಯುವುದರೊಳಗೆ ಆ ಗ್ರಹ ಬಿಟ್ಟು ಹೋಗಿರಬೇಕು.

ಚನ್ನವೀರನ ಮನೆಯಲ್ಲಿ ಕೇಬಲ್ ಇರಲಿಲ್ಲ. ಆದರೆ ಪಕ್ಕದ ಖೋಲಿಯ ಯಮನವ್ವ ಹತ್ತಿರದ ನಿಗಡಿಯ ಬಂಗಲೆಯೊಂದಕ್ಕೆ ಅಡಿಗೆ ಕೆಲಸಕ್ಕೆ ಹೋಗುತ್ತಿದ್ದಳು. ಚಪಾತಿ ಲಟ್ಟಿಸುತ್ತಲೇ ಪ್ರತಿ ಕಂತನ್ನೂ ನೋಡಿ ಬಂದು ಹೇಳುವಳು. ಯಾದಗಿರಿ ಕಡೆಯ ಹೆಂಗಸು. ಅವಳ ಹಿಂದಿ ಕಾಯಿಪಲ್ಯೆಯ ಗಾಡಿಯ ತನಕ ನಡೆಯುತ್ತಿತ್ತು, ಅದರಾಚೆಯದನ್ನು ಮುಖ ನೋಡಿ ತಿಳಿದುಕೊಳ್ಳುವಳು. ಹಾಗಾಗಿ ಚನ್ನವೀರನ ಕಾದಂಬರಿಯಲ್ಲಿ ಯಂತ್ರದ ಕಪ್ತಾನನೂ ವಿಜ್ಞಾನಿಯೂ ದಾಯಾದಿಗಳಾಗಿದ್ದು, ಹೊಲದ ಬದುವಿನ ವಿಷಯಕ್ಕೆ ಮಾತು ಬಿಟ್ಟಿದ್ದರು.

ಅವಳು ಹೇಳುವ ಪ್ರಯಾಣಿಕರಲ್ಲಿ ಒಬ್ಬ ಗೌಂಡಿ ಇದ್ದ. ಉಳಿದವರು ಹೋಗಿ ಬಂದು ಮಾಡಿದರೂ ಅವನೊಬ್ಬ ಅಲ್ಲೇ ನಿಂತು ಕೆಂಪು ಮಣ್ಣಿನ ಗೋಡೆ ಕಟ್ಟುತ್ತಿದ್ದ. ಕೆಲಸ ಮುಗಿದ ಕೂಡಲೇ ಬರುತ್ತೇನೆಂದು ಹೇಳಿ ಹೋದವನು, ಕೆಲಸ ಮುಗಿಯುತ್ತಿರಲಿಲ್ಲ. ಅಷ್ಟು ದೂರಕ್ಕೆ ಗೌಂಡಿ ಯಾಕೆ ಎಂದು ಚನ್ನವೀರನಿಗೆ ಒಮ್ಮೆ ಅನ್ನಿಸಿದ್ದುಂಟು. ಗೋಡೆ ಕಟ್ಟುವವನಿಲ್ಲದೆ ಎಂಥ ಗ್ರಹ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು ಬರೆದ.

ಬರೆದದ್ದನ್ನು ಓದಿದ ರಾಯರು ಕರೆಸಿದರು. ದಾಯಾದಿ ಜಗಳದ ಬಗ್ಗೆ ಅವರ ತಕರಾರಿರಲಿಲ್ಲ; ಜಗಳ ಎಲ್ಲಿಲ್ಲ ಹೇಳಿ ಎಂದರು. ಆದರೆ ಧಾರಾವಾಹಿಯಲ್ಲಿರುವವರು ನಾಲ್ಕೇ ಜನ, ಈ ಗೌಂಡಿ ಎಲ್ಲಿಂದ ಬಂದ? ಅವನಿರುವ ಸಾಲುಗಳನ್ನೇ ಹೊಡೆದುಹಾಕಿ, ಇಲ್ಲವೇ ಕರಾರಿನ ಪ್ರಕಾರ ಹೊರಗೆ ಕಳಿಸಿ ಎಂದು ಹಾಳೆಗಳ ಕಟ್ಟನ್ನು ಹಿಂದಕ್ಕೆ ಕೊಟ್ಟರು.

ಬಸ್ಸಿನಲ್ಲಿ ಬರುವಾಗ ಚನ್ನವೀರನಿಗೆ ಹೊಳೆಯಿತು. ಯಮನವ್ವನ ಗಂಡ ಅವ್ವಣ್ಣನೂ ಗೌಂಡಿಯೇ. ಶಿರೂರಿನ ಕಡೆ ಗೋಡೆ ಕೆಲಸ ಸಿಕ್ಕಿದೆ, ವಾರದೊಳಗೆ ಬರುತ್ತೇನೆ ಎಂದು ಹೋದವನು ಇಪ್ಪತ್ತು ವರ್ಷವಾದರೂ ಬಂದಿರಲಿಲ್ಲ. ಸತ್ತ ಸುದ್ದಿಯೂ ಇಲ್ಲ, ಇದ್ದ ಸುದ್ದಿಯೂ ಇಲ್ಲ. ಅವಳು ಕುಂಕುಮ ಹಚ್ಚುವುದನ್ನು ಬಿಟ್ಟಿರಲಿಲ್ಲ. ಇಷ್ಟನ್ನು ತಿಳಿಯಲು ತನಗೆ ಒಬ್ಬ ಪ್ರೆಸ್ಸಿನವನು ಬೇಕಾಯಿತಲ್ಲ ಎಂದು ಚನ್ನವೀರನಿಗೆ ನಾಚಿಕೆಯಾಯಿತು. ಒಮ್ಮೆ ಕಳೆದುಹೋದವನನ್ನು ಮತ್ತೆ ಕಳೆಯುವ ಪಾಪ ತನಗೆ ಬೇಡ ಅನ್ನಿಸಿತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವಂತೆ ಹೊಸದೊಂದು ಕೊನೆಯ ಅಧ್ಯಾಯ ಬರೆದ: ಗೌಂಡಿ ಕಾಲಯಂತ್ರ ಹತ್ತಿ ಪಿಂಪ್ರಿಯಲ್ಲಿ ಇಳಿದ, ಬಾಗಿಲು ಬಡಿದ, ಹೆಂಡತಿ ಬಾಗಿಲು ತೆರೆದು ಅಪ್ಪಿಕೊಂಡು ಅತ್ತಳು.

ಗುರುವಾರ ಕಾರಖಾನೆಗೆ ರಜೆ. ಅದನ್ನು ಓದಿ ಹೇಳಲು ಹೋದಾಗ ಯಮನವ್ವ ಕಡ್ಡಿ ತೆಗೆದು ಮೆಂತ್ಯೆ ಪಲ್ಯೆ ಸೋಸುತ್ತ ಕೂತಿದ್ದಳು. ರಾಯರು ಹೇಳಿದ್ದನ್ನು ಹೇಗೆ ಎತ್ತುವುದೆಂದು ತಡವರಿಸಿ, ಧಾರಾವಾಹಿಯಲ್ಲಿ ಎಷ್ಟು ಜನ ಇದ್ದಾರೆ ಎಂದು ಚನ್ನವೀರ ಕೇಳಿದ.

"ನಾಕೇ ಮಂದಿ ಅದಾರ. ನನಗೂ ಎಣಸಾಕ ಬರ್ತದ" ಎಂದಳು, ತಲೆ ಎತ್ತದೆ. "ನೀ ಓದು."

ಓದಿದ. ಅವಳು ಕೊನೆಯವರೆಗೂ ಕೇಳಿ, ಬಂದವನ ವಯಸ್ಸೆಷ್ಟು ಎಂದು ವಿಚಾರಿಸಿದಳು. ಆ ಗ್ರಹದಲ್ಲಿ ಯಾರಿಗೂ ವಯಸ್ಸಾಗುವುದಿಲ್ಲ, ಹೋದಾಗ ಎಷ್ಟಿತ್ತೋ ಅಷ್ಟೇ ಎಂದು ಚನ್ನವೀರ ವಿವರಿಸಿದ.

"ಅಂವ ಮೂವತ್ತರಂವ, ನಾ ಮುದುಕಿ. ಯಾರೋ ಹಿರೇರು ಅಂತ ಕಾಲಿಗೆ ಬೀಳ್ತಾನ."

ಚನ್ನವೀರನಿಗೆ ಇದು ಹೊಳೆದಿರಲಿಲ್ಲ. ಆದರೆ ಕಾಲಯಂತ್ರ ಕೈಯಲ್ಲಿರುವಾಗ ಚಿಂತೆ ಯಾಕೆ? ಹೋದ ದಿನದ ಸಂಜೆಗೇ ಅವನನ್ನು ತಂದು ಇಳಿಸಿಬಿಡಬಹುದು ಎಂದ.

"ಅಂದ್ರ ಅಂವ ಹೋಗೇ ಇಲ್ಲ ಅಂದಂಗ ಆಗ್ತದ, ಯಕ್ಕಾ" ಎಂದು ತಾನೇ ಬಿಡಿಸಿ ಹೇಳಿದ.

ಅವಳ ಮುಖ ಅರಳಿತು. ಕೈಯಲ್ಲಿದ್ದ ಮೆಂತ್ಯೆಯ ಕಟ್ಟು ಕೆಳಗಿಟ್ಟಳು. ಆಮೇಲೆ ಒಂದೊಂದಾಗಿ ಕೇಳತೊಡಗಿದಳು. ಮಗ ಕಿಶೋರನನ್ನು ಐಟಿಐ ಓದಿಸಿದ್ದು? ಅದು ಹಾಗೆ ಆಗಿರುವುದಿಲ್ಲ ಎಂದ. ಮೇಲಿನ ತಗಡಿನ ಪತ್ರಾಸು ಕಿತ್ತು ಈ ಸ್ಲ್ಯಾಬು ಹಾಕಿಸಿದ್ದು? ಅದೂ ಇಲ್ಲ. ಒಬ್ಬಳೇ ಲೋಕಲ್ ರೈಲು ಹತ್ತಿದ್ದು, ಮರಾಠಿಯಲ್ಲಿ ಜಗಳಾಡಲು ಕಲಿತದ್ದು? ಬೇಕೇ ಆಗಿರಲಿಕ್ಕಿಲ್ಲ ಎಂದ.

"ಹಂಗಾರ ಬ್ಯಾಡ" ಎಂದಳು ಯಮನವ್ವ. "ಅವು ನಾ ದುಡದ ವರ್ಷ. ಅಂವಗ್ಯಾಕ ಕೊಡ್ಲಿ?"

ಕಾಲದ ಬಗ್ಗೆ ಅಷ್ಟೆಲ್ಲ ಬರೆದಿದ್ದ ಚನ್ನವೀರ ಹಾಳೆ ತಿರುವಿ ಪೆನ್ನು ತೆಗೆದ. ಮತ್ತೆ ಏನು ಮಾಡಲಿ ಎಂದು ಕೇಳಿದ. ಅವನಿಗೂ ಇಪ್ಪತ್ತು ವರ್ಷ ವಯಸ್ಸು ಮಾಡಿ ಈಗಲೇ ಕರೆದುಕೊಂಡು ಬಾ, ಬಂದು ಬಾಗಿಲು ಬಡಿಯಲಿ ಎಂದಳು. ಅವನು ಹಾಗೆಯೇ ತಿದ್ದಿದ. ಅಪ್ಪಿಕೊಳ್ಳುವುದನ್ನೂ ಅಳುವುದನ್ನೂ ಕೇಳದೆಯೇ ಹೊಡೆದುಹಾಕಿದ. ಬಾಗಿಲು ತೆರೆಯುವ ಸಾಲಿಗೆ ಬಂದಾಗ ಅವಳು ಹಾಳೆಯ ಮೇಲೆ ಕೈ ಇಟ್ಟಳು.

"ಇದನ್ನೂ ಹೊಡಿ, ತಮ್ಮಾ. ತೆಗೀತೀನೋ ಇಲ್ಲೋ ನನಗs ಗೊತ್ತಿಲ್ಲ. ಅಂವ ಒಂದೀಟು ಹೊರಗ ನಿಂತಿರ್ಲಿ."