ಸ್ಟೇಸಿಯಾ ಕರುಗಳನ್ನು ಕರೆದ ದನಿ

ನ್ಯೂಫೌಂಡ್ಲೆಂಡಿನ ಕೇಪ್ ಶೋರ್ ಕರಾವಳಿಯ ಸ್ಟೇಸಿಯಾ ಕೆರೀನ್ ಮನೆಯಲ್ಲಿ ಎಷ್ಟು ಮಾತಾಳಿಯೋ ಹೊರಗಿನವರ ಮುಂದೆ ಅಷ್ಟೇ ಮೂಗಿ. ಹರೆಯದಲ್ಲಿ ಪಟ್ಟಣದ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಾಗ ಅಲ್ಲಿಯವರು ಅವಳ ಐರಿಷ್ ರಾಗದ ಮಾತನ್ನು ಅಣಕಿಸಿ ನಕ್ಕಿದ್ದರು. ಕಾಡ್ ಮೀನು ಹಿಡಿಯಲು ಐರ್ಲೆಂಡಿನಿಂದ ಹಡಗು ಹತ್ತಿ ಬಂದ ಹಿರಿಯರ ರಾಗ ಅದು.

ಒಂದು ಬೆಳಿಗ್ಗೆ ಐರ್ಲೆಂಡಿನ ವಾಟರ್‌ಫೋರ್ಡ್ ಕಡೆಯ ನಡುವಯಸ್ಸಿನ ಡೆಕ್ಲನ್ ಫೋರನ್ ಎಂಬಾತ ಅವಳ ಮನೆಗೆ ಬಂದು, ತನ್ನೂರಿನಿಂದ ಬಂದವರ ಸಮಾಧಿಗಳೆಲ್ಲಿ ಎಂದು ಕೇಳಿದ. ಸ್ಟೇಸಿಯಾ ಮಾತಾಡದೆ ಕಡಲ ಬಂಡೆಯಂಚಿನ ಹಳೆ ಸ್ಮಶಾನದತ್ತ ಕೈ ತೋರಿಸಿದಳು. ಅವನು ಅತ್ತ ಹೋದ ಸ್ವಲ್ಪ ಹೊತ್ತಿಗೇ ಮಂಜು ಮೇಲೆದ್ದು ಅಂಗಳದ ಬೇಲಿಯನ್ನೂ ನುಂಗಿತು.

ಮಧ್ಯಾಹ್ನವಾದರೂ ಆಸಾಮಿಯ ಸುಳಿವಿಲ್ಲ.

"ದಾರಿ ಸರಿಯಾಗಿ ಹೇಳಿದ್ಯಾ?" ಎಂದ ಗಂಡ ಫಾನ್ಸ್.

"ಕೈ ತೋರಿಸ್ದೆ."

"ಯಾಕೆ, ಬಾಯಿ ಬಾಡಿಗೆಗೆ ಕೊಟ್ಟಿದ್ಯಾ?"

ಇಬ್ಬರೂ ಸ್ಮಶಾನದತ್ತ ಓಡಿದರು. ಫಾನ್ಸ್ ಕೂಗಿ ಕೂಗಿ ದಣಿದ, ಉತ್ತರವಿಲ್ಲ. ಆ ಮಂಜಿನಲ್ಲಿ ದೂರ ಹೋಗುವ ಕೂಗೆಂದರೆ ಕರುಗಳನ್ನು ಕರೆಯುವ ಕೂಗೊಂದೇ. ಪರದೇಶದವನ ಕಿವಿಗೆ ಬೀಳುತ್ತದಲ್ಲ ಎಂದು ಸ್ಟೇಸಿಯಾ ಒಂದು ಗಳಿಗೆ ನಾಚಿದಳು. ಆಮೇಲೆ ಗಂಟಲು ಬಿಚ್ಚಿ, "ಸುಕ್, ಸುಕ್, ಸೂಕ್!" ಎಂದಳು.

ಕರೆಯುತ್ತಲೇ ಇದ್ದಳು. ಕೊನೆಗೂ ಡೆಕ್ಲನ್ ಕುಂಟುತ್ತ ಬಂದ, ಸೊಂಟದವರೆಗೂ ಕೆಸರು.

"ಯಾವ ಕಡೆ ಕಾಲಿಟ್ರೂ ಕಡಲೇ ಕೇಳ್ತಿತ್ತಮ್ಮಾ, ಹೆದರಿ ಕೂತ್ಬಿಟ್ಟಿದ್ದೆ. ನಮ್ಮಜ್ಜಿ ಹೀಗೇ ಕರು ಕರೀತಿದ್ಲು. ಸತ್ತು ಅವಳ ಕೊಟ್ಟಿಗೆಗೇ ಹೋದ್ನೇನೋ ಅಂದ್ಕೊಂಡೆ!"

"ಕರು ಕರೆದ್ರೆ ಹೋರಿ ಬಂತು ನೋಡು," ಎಂದ ಫಾನ್ಸ್.

ಸ್ಟೇಸಿಯಾಳಿಗೆ ನಗು ತಡೆಯಲಾಗಲಿಲ್ಲ. ಮನೆಗೆ ಕರೆತಂದು ಚಹಾ, ಕಾಕಂಬಿ ಬ್ರೆಡ್ಡು ಮುಂದಿಟ್ಟಳು.

"ಅಲ್ಲಿ ಕಲ್ಲುಗಳ ಮೇಲೆ ಅಕ್ಷರವೇ ಉಳಿದಿಲ್ವಲ್ಲಮ್ಮಾ," ಎಂದು ಅವನು ಕೊರಗಿದ.

"ಅಕ್ಷರ ಯಾಕೆ? ನಾನಿಲ್ವಾ?"

ಮರುದಿನ ಬಿಸಿಲಿತ್ತು. ಸಮಾಧಿಯಿಂದ ಸಮಾಧಿಗೆ ನಡೆಸುತ್ತ, ಯಾರು ಯಾವ ದೋಣಿಯವರು, ಯಾರ ಮದುವೆಯಲ್ಲಿ ಯಾರು ಬಡಿದಾಡಿದರು, ಎಲ್ಲ ಹೇಳಿದಳು. ಪಾಚಿ ಕಟ್ಟಿದ ಚಪ್ಪಡಿಯೊಂದರ ಬಳಿ ನಿಂತಳು. "ಇವಳು ಜೊಹಾನಾ ಫೋರನ್, ನಮ್ಮಜ್ಜಿಯ ಅಜ್ಜಿ. ಕರು ಕರೆಯೋದು ಇವಳಿಂದ ಬಂದದ್ದಂತೆ."

ಡೆಕ್ಲನ್ ಟೋಪಿ ತೆಗೆದ. "ಫೋರನ್... ನಮ್ಮವಳೇ ಇರ್ಬಹುದಾ?"

"ಇರ್ಬಹುದು, ಇಲ್ದೇನೂ ಇರ್ಬಹುದು. ಊಟಕ್ಕೆ ಕರೆಯೋಕೆ ನನಗಷ್ಟು ಸಾಕು, ಬಾ ತಮ್ಮಾ."

ಮರುಬೇಸಿಗೆಗೆ ಅವನು ತನ್ನ ಅಕ್ಕನನ್ನೂ ಕರೆತಂದ. ಹುಲ್ಲು ಕೊಯ್ಲು ಮುಗಿಯುವವರೆಗೂ ಇಬ್ಬರೂ ಅಲ್ಲೇ ಉಳಿದರು.